ರಶೀದ್ ಜಾನ್ಸನ್ ಅವರ ‘ಆಂಕ್ಷಸ್ ಮೆನ್’: ಆ ಮುಖಗಳನ್ನು ನಾವು ಹೇಗೆ ಓದಬೇಕು?

ಕಣ್ಣಳತೆ:

ಬಚ್ಚಲುಮನೆಯ ಗೋಡೆಗೆ ಕೂರಿಸುವಂಥ ಬಿಳಿ ಟೈಲ್ಸ್. ಅದರ ಮೇಲೆ ಕರಗಿಸಿದ ಕಪ್ಪು ಸೋಪನ್ನೂ ಮೇಣವನ್ನೂ ಸುರಿದು, ಅದು ಗಟ್ಟಿಯಾಗುವುದರೊಳಗೆ ಚೂಪಾದ ಉಪಕರಣದಿಂದ ಗೀರಿ ಗೀರಿ ಎಬ್ಬಿಸಿದ ಒಂದು ಮುಖ. ಕಣ್ಣಿರಬೇಕಾದ ಕಡೆ ಸುರುಳಿಗಳಿವೆ. ಬಾಯಿರಬೇಕಾದ ಕಡೆ ಕಚ್ಚಿ ಹಿಡಿದ ಹಲ್ಲುಗಳಂತೆ ಕಾಣುವ ಅಡ್ಡಾದಿಡ್ಡಿ ಗೀಟುಗಳಿವೆ. ಕಿವಿ, ಕತ್ತು, ಭುಜಗಳಿಗೆ ಅಲ್ಲಿ ಜಾಗವೇ ಇಲ್ಲ. ಅಮೆರಿಕದ ಕಲಾವಿದ ರಶೀದ್ ಜಾನ್ಸನ್ ಈ ಮುಖಗಳನ್ನು ‘ಆಂಕ್ಷಸ್ ಮೆನ್’ ಎಂದು ಕರೆದರು. ಸದ್ಯಕ್ಕೆ ನಾನು ಇದನ್ನು ‘ಆತಂಕಿತ ಗಂಡಸರು’ ಎಂದು ಅನುವಾದಿಸುತ್ತಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

1977ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಜಾನ್ಸನ್ ಅವರ ತಾಯಿ ಆಫ್ರಿಕಾದ ಇತಿಹಾಸವನ್ನು ಕಲಿಸುತ್ತಿದ್ದ ಪ್ರಾಧ್ಯಾಪಕಿ. ತಂದೆ ಎಲೆಕ್ಟ್ರಾನಿಕ್ಸ್ ಅಂಗಡಿ ನಡೆಸುತ್ತಿದ್ದವರು. ಜಾನ್ಸನ್ ಮೊದಲು ಕಲಿತದ್ದು ಛಾಯಾಗ್ರಹಣ. ವಿದ್ಯಾರ್ಥಿಯಾಗಿದ್ದಾಗ ಷಿಕಾಗೊದ ಬೀದಿಗಳಲ್ಲಿ ಮನೆಯಿಲ್ಲದೆ ಬದುಕುತ್ತಿದ್ದ ಕಪ್ಪು ಗಂಡಸರ ಭಾವಚಿತ್ರಗಳನ್ನು, 19ನೆಯ ಶತಮಾನದ ಮುದ್ರಣ ವಿಧಾನವೊಂದನ್ನು ಬಳಸಿ, ಕಂದು ಛಾಯೆಯಲ್ಲಿ ಅಚ್ಚು ಹಾಕಿದರು. 2001ರಲ್ಲಿ, ನ್ಯೂಯಾರ್ಕಿನ ಕಪ್ಪು ಜನರ ಹೆಸರಾಂತ ಬಡಾವಣೆಯಾದ ಹಾರ್ಲೆಮ್‌ನ ಸ್ಟುಡಿಯೊ ಮ್ಯೂಸಿಯಂನಲ್ಲಿ ಥೆಲ್ಮಾ ಗೋಲ್ಡನ್ ಏರ್ಪಡಿಸಿದ್ದ ‘ಫ್ರೀಸ್ಟೈಲ್’ ಎಂಬ ಹೆಸರಾಂತ ಪ್ರದರ್ಶನದಲ್ಲಿ ಅವರಿಗೆ ಸ್ಥಾನ ದೊರೆತಾಗ ಅವರಿಗಿನ್ನೂ ಇಪ್ಪತ್ತಮೂರು. ‘ಪೋಸ್ಟ್-ಬ್ಲಾಕ್’ ಎಂಬ ಮಾತು ಕಲಾವಲಯದಲ್ಲಿ ಹರಡಿದ್ದು ಆ ಪ್ರದರ್ಶನದಿಂದಲೇ. ಕಪ್ಪು ಕಲಾವಿದ ಎಂಬ ಹಣೆಪಟ್ಟಿಯೊಳಗೆ ಬಂದಿಯಾಗಲು ಒಪ್ಪದೆ, ಹಾಗೆಂದು ಕಪ್ಪುತನವನ್ನು ಬಿಟ್ಟುಕೊಡದೆ, ಅದರ ಅರ್ಥವನ್ನು ತಾವೇ ಹೊಸದಾಗಿ ಬರೆಯುತ್ತೇವೆ ಎನ್ನುವ ತಲೆಮಾರಿನ ನಿಲುವು ಅದು.

‘ಆಂಕ್ಷಸ್ ಮೆನ್’ ಸರಣಿ ನ್ಯೂಯಾರ್ಕಿನ ಡ್ರಾಯಿಂಗ್ ಸೆಂಟರ್‌ನಲ್ಲಿ ಪ್ರದರ್ಶನಗೊಂಡದ್ದು 2015ರಲ್ಲಿ. ಅದರ ಹಿಂದಿನ ಹದಿನೈದು ತಿಂಗಳುಗಳನ್ನು ನೆನಪಿಸಿಕೊಳ್ಳಿ. 2014ರ ಜುಲೈನಲ್ಲಿ ನ್ಯೂಯಾರ್ಕಿನ ಪಾದಚಾರಿ ಮಾರ್ಗದಲ್ಲಿ ಎರಿಕ್ ಗಾರ್ನರ್, ಆಗಸ್ಟ್‌ನಲ್ಲಿ ಫರ್ಗ್ಯುಸನ್ನಿನಲ್ಲಿ ಮೈಕೆಲ್ ಬ್ರೌನ್, ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡಿನ ಉದ್ಯಾನವೊಂದರಲ್ಲಿ ಆಟಿಕೆ ಬಂದೂಕು ಹಿಡಿದಿದ್ದ ಹನ್ನೆರಡು ವರ್ಷದ ಟಮೀರ್ ರೈಸ್, ಮರುವರ್ಷದ ಏಪ್ರಿಲ್‌ನಲ್ಲಿ ಬಾಲ್ಟಿಮೋರಿನ ಫ್ರೆಡ್ಡಿ ಗ್ರೇ, ಹೀಗೆ ಒಬ್ಬೊಬ್ಬರಾಗಿ ಕಪ್ಪು ಜನ ಪೊಲೀಸರ ಕೈಯಲ್ಲಿ ಸತ್ತಿದ್ದರು. ಜೂನ್‌ನಲ್ಲಿ ಚಾರ್ಲ್‌ಸ್ಟನ್ನಿನ ಚರ್ಚಿನಲ್ಲಿ ಪ್ರಾರ್ಥನೆಗೆ ಕೂತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಬಿಳಿಯ ಯುವಕನೊಬ್ಬ ಗುಂಡಿಕ್ಕಿ ಕೊಂದಿದ್ದ. ಆ ಹೊತ್ತಿಗೆ ಜಾನ್ಸನ್ ಪುಟ್ಟ ಮಗನ ತಂದೆ. ಮೇಲಾಗಿ ಕುಡಿತ ಬಿಟ್ಟ ಹೊಸತು. ಕಳವಳವನ್ನು ಮಂಕು ಮಾಡುತ್ತಿದ್ದ ಗ್ಲಾಸು ಕೈಯಲ್ಲಿಲ್ಲದಾಗ ಅದನ್ನು ನೇರವಾಗಿಯೇ ನೋಡಬೇಕಾಗಿ ಬಂತು ಎಂಬ ಅರ್ಥದ ಮಾತುಗಳನ್ನು ಅವರು ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಆಡಿದ್ದಾರೆ.

ನನ್ನ ಪ್ರಶ್ನೆ ಇದು. ಈ ಮುಖಗಳನ್ನು ಕುರಿತು ಬರೆಯುವ ಅನೇಕರು, “ಇದು ಆಧುನಿಕ ಮನುಷ್ಯನ ಆತಂಕ, ಎಲ್ಲರದೂ” ಎಂದು ಎರಡನೆಯ ವಾಕ್ಯದಲ್ಲೇ ಹೇಳಿಬಿಡುತ್ತಾರೆ. ಇದು ಉದಾರವಾದ ಮಾತಿನಂತೆ ಕೇಳಿಸಿದರೂ ನನಗೆ ಅವಸರದ ಮಾತಾಗಿ ಕಾಣುತ್ತದೆ. ಮಗ ಅಂಗಡಿಗೆ ಹೋದವನು ಮನೆಗೆ ಮರಳುವನೋ ಇಲ್ಲವೋ ಎಂಬ ತಂದೆಯ ಹೆದರಿಕೆಯನ್ನು ಅವನ ಮೈಬಣ್ಣದಿಂದ ಬಿಡಿಸಿ ತೆಗೆದ ಮೇಲೆ ಉಳಿಯುವುದು ಅದೇ ಹೆದರಿಕೆಯೇ? ಕಲೆಯ ಬಗ್ಗೆ ಬಲ್ಲವರೂ ಮನಸ್ಸಿನ ಆರೋಗ್ಯದ ಬಗ್ಗೆ ಬಲ್ಲವರೂ ಈ ವೇದಿಕೆಯಲ್ಲಿದ್ದೀರಿ. ನಿಮ್ಮ ಅಭಿಪ್ರಾಯಗಳನ್ನು ಕೇಳಬಯಸುತ್ತೇನೆ.

ನೀಲಿಶಾಯಿ:

ಕಣ್ಣಳತೆಯವರೇ, ವಿವರಗಳಿಗಾಗಿ ಧನ್ಯವಾದಗಳು. ಆದರೆ ನೀವು ಸುದ್ದಿಯಿಂದ ಚಿತ್ರಕ್ಕೆ ಬಂದಿದ್ದೀರಿ. ನಾನು ಚಿತ್ರದಿಂದ ಸುದ್ದಿಗೆ ಹೋಗಬಯಸುತ್ತೇನೆ. ಕಲಾಶಾಲೆಯಲ್ಲಿ ಐದು ವರ್ಷ ಕಳೆದವನಿಗೆ ಅಂಟಿದ ಚಾಳಿ ಎಂದುಕೊಳ್ಳಿ.

ಮೊದಲು ಸೋಪಿನ ವಿಚಾರ. ಘಾನಾ, ನೈಜೀರಿಯಾಗಳಲ್ಲಿ ಬಾಳೆಕಾಯಿ ಸಿಪ್ಪೆ, ಕೋಕೋ ಕಾಯಿಯ ಸಿಪ್ಪೆಗಳನ್ನು ಸುಟ್ಟ ಬೂದಿಗೆ ತಾಳೆಯೆಣ್ಣೆಯನ್ನೋ ಶಿಯಾ ಬೆಣ್ಣೆಯನ್ನೋ ಸೇರಿಸಿ ಕುದಿಸಿ ಮಾಡುವ ಸೋಪು ಅದು. ಯೊರುಬಾ ಭಾಷೆಯಲ್ಲಿ ‘ಓಸೆ ದುದು’, ಎಂದರೆ ಕಪ್ಪು ಸೋಪು. ಚರ್ಮದ ತುರಿಕೆ, ಮೊಡವೆ, ಒಣಕಲುಗಳಿಗೆ ಹಿತವೆಂದು ಅದನ್ನು ಬಳಸುತ್ತಾರೆ. ಅಮೆರಿಕದ ಕಪ್ಪು ಜನರ ನಡುವೆ ಇದು ಕೇವಲ ಸೋಪಲ್ಲ. ಯಾವ ಊರು, ಯಾವ ಕುಲ, ಯಾವ ಭಾಷೆ ಎಂಬುದನ್ನೆಲ್ಲ ಹಡಗಿನಲ್ಲಿಯೇ ಕಳೆದುಕೊಂಡವರ ಮೊಮ್ಮಕ್ಕಳು ಆಫ್ರಿಕಾವನ್ನು ಮೈಗೆ ಹಚ್ಚಿಕೊಳ್ಳುವ ಒಂದು ದಾರಿಯೂ ಹೌದು. ಹಾಗಾಗಿ ಆ ಮುಖಗಳಲ್ಲಿ ಆತಂಕವನ್ನು ಬಿಡಿಸಿರುವುದು ಗಾಯ ಮಾಡುವ ವಸ್ತುವಿನಿಂದಲ್ಲ, ಆರೈಕೆಯ ವಸ್ತುವಿನಿಂದ. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ಅವರ ಕಿರುಚುವ ಮುಖದ ಪಕ್ಕದಲ್ಲಿ ಇದನ್ನು ಇಟ್ಟು ನೋಡುವವರು ಈ ಅಂಶವನ್ನು ಮರೆಯುತ್ತಾರೆ. ಅಲ್ಲಿ ಆಕಾಶವೇ ಮುಖದೊಡನೆ ಕಿರುಚುತ್ತದೆ. ಇಲ್ಲಿ ಹಿನ್ನೆಲೆ ಒರೆಸಿದರೆ ಶುಭ್ರವಾಗುವ ಬಿಳಿ ಗೋಡೆ.

ಆ ಬಿಳಿ ಟೈಲ್ಸ್‌ಗೂ ಒಂದು ಮೂಲವಿದೆ. ಷಿಕಾಗೊದ ಹಳೆಯ ರಷ್ಯನ್-ಟರ್ಕಿಷ್ ಸ್ನಾನಗೃಹಕ್ಕೆ ಜಾನ್ಸನ್ ಎಳೆಯ ವಯಸ್ಸಿನಲ್ಲಿ ಹೋಗುತ್ತಿದ್ದರು. ಗಂಡಸರು ಬಟ್ಟೆ ಕಳಚಿ, ಹಬೆಯಲ್ಲಿ ಕೂತು, ಅಪರಿಚಿತರೊಡನೆ ಮಾತಿಗಿಳಿಯುವ ಸ್ಥಳ. ಆ ಗೋಡೆಯನ್ನೇ ಅವರು ಈ ಮುಖಗಳಿಗೆ ಹಾಳೆಯಾಗಿ ಮಾಡಿಕೊಂಡಿದ್ದಾರೆ.

ಇನ್ನು ನನ್ನ ತಕರಾರು. 2015ರ ಮುಖಗಳು ಒಂಟಿಯಾಗಿದ್ದವು. ಮರುವರ್ಷ ‘ಆಂಕ್ಷಸ್ ಆಡಿಯನ್ಸ್’ ಎಂಬ ಹೆಸರಿನಲ್ಲಿ ಅವೇ ಮುಖಗಳು ಸಾಲುಸಾಲಾಗಿ, ಸಿನಿಮಾ ಮಂದಿರದಲ್ಲಿ ಕೂತ ಜನರಂತೆ ಬಂದವು. ಆಮೇಲೆ ಕೆಂಪಿನಲ್ಲಿ, ನೀಲಿಯಲ್ಲಿ, ಬಿಳಿಯಲ್ಲಿ ಬಂದವು. ಜಗತ್ತಿನ ಅತ್ಯಂತ ದೊಡ್ಡ ಗ್ಯಾಲರಿಗಳಲ್ಲಿ ಒಂದು ಅವರನ್ನು ಪ್ರತಿನಿಧಿಸುತ್ತದೆ. ಹರಾಜಿನಲ್ಲಿ ಬೆಲೆ ಲಕ್ಷಾಂತರ ಡಾಲರುಗಳನ್ನು ಮುಟ್ಟಿದೆ. ಆತಂಕ ಒಮ್ಮೆ ಬಂದರೆ ಅನುಭವ. ನೂರು ಸಲ ಅದೇ ಚಹರೆಯಲ್ಲಿ ಬಂದರೆ ಅದು ವ್ಯಾಪಾರದ ಮುದ್ರೆಯಾಗುವುದಿಲ್ಲವೇ? ಇದನ್ನು ಅಸೂಯೆಯಿಂದ ಕೇಳುತ್ತಿಲ್ಲ. ಸ್ವಲ್ಪ ಅಸೂಯೆ ಇದೆ ಎಂದೇ ಇಟ್ಟುಕೊಳ್ಳಿ, ಆದರೂ ಪ್ರಶ್ನೆ ಪ್ರಶ್ನೆಯೇ.

ರಾತ್ರಿಪಾಳಿ:

ನಾನು ಧಾರವಾಡದ ಕಡೆಯವನು. ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಸಮಾಜ ಕಾರ್ಯಕರ್ತನಾಗಿ ಹನ್ನೆರಡು ವರ್ಷಗಳಿಂದ ದುಡಿಯುತ್ತಿದ್ದೇನೆ. ಕಲೆಯ ಬಗ್ಗೆ ನನಗೆ ಹೆಚ್ಚು ತಿಳಿಯದು. ಆದರೆ ನೀಲಿಶಾಯಿಯವರ ಕೊನೆಯ ಪ್ರಶ್ನೆಗೆ ನನ್ನ ಕೆಲಸದ ಅನುಭವದಿಂದ ಉತ್ತರವೊಂದು ಸಿಗುತ್ತದೆ ಎನಿಸಿತು. ಆತಂಕ ಒಮ್ಮೆ ಬಂದು ಹೋಗುವುದಿಲ್ಲ. ಅದು ಬರುವುದೇ ಮತ್ತೆ ಮತ್ತೆ, ಅದೇ ಚಹರೆಯಲ್ಲಿ. ನಮ್ಮಲ್ಲಿಗೆ ಬರುವವರು ಪ್ರತಿಸಲವೂ ಅದೇ ಮಾತನ್ನು ಹೇಳುತ್ತಾರೆ. ಅದೇ ಮಾತನ್ನು ಹೇಳುತ್ತಿದ್ದೇನಲ್ಲ ಎಂಬ ನಾಚಿಕೆಯೂ ಅವರಿಗಿರುತ್ತದೆ. ಮಾರುಕಟ್ಟೆಯ ವಿಚಾರ ನನಗೆ ಗೊತ್ತಿಲ್ಲ, ಪುನರಾವರ್ತನೆ ಮಾತ್ರ ನನಗೆ ಸುಳ್ಳೆನಿಸಲಿಲ್ಲ.

ಕಣ್ಣಳತೆಯವರು ಕೇಳಿದ ಮುಖ್ಯ ಪ್ರಶ್ನೆಗೆ ಸ್ವಲ್ಪ ಇತಿಹಾಸ ಬೇಕು. ಅಮೆರಿಕದ ಕಪ್ಪು ಗಂಡಸಿನ ಮನಸ್ಸನ್ನು ವೈದ್ಯಶಾಸ್ತ್ರ ನೋಡಿದ ಬಗೆಯೇ ಬೇರೆ. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ಒಡೆಯನಿಂದ ತಪ್ಪಿಸಿಕೊಂಡು ಓಡಿಹೋಗುವುದು ಒಂದು ಮಾನಸಿಕ ರೋಗವೆಂದು ಬರೆದು ಅದಕ್ಕೆ ‘ಡ್ರಾಪೆಟೊಮೇನಿಯಾ’ ಎಂಬ ಗಂಭೀರವಾದ ಗ್ರೀಕ್ ಹೆಸರನ್ನೂ ಇಟ್ಟ. ಚಾಟಿಯೇಟು ಅವನು ಸೂಚಿಸಿದ ಚಿಕಿತ್ಸೆಗಳಲ್ಲಿ ಒಂದು. ಅದು ಹಳೆಯ ಕತೆ ಎನ್ನುವಂತಿಲ್ಲ. 1968ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಎರಡನೆಯ ಆವೃತ್ತಿ ಹೊರಬಂದಾಗ, ಸ್ಕಿಜೋಫ್ರೀನಿಯಾದ ಒಂದು ಬಗೆಯ ವಿವರಣೆಯಲ್ಲಿ ಹಗೆತನ, ಆಕ್ರಮಣಶೀಲತೆ ಎಂಬ ಪದಗಳು ಕಾಣಿಸಿಕೊಂಡವು. ನಾಗರಿಕ ಹಕ್ಕುಗಳಿಗಾಗಿ ಬೀದಿಗಿಳಿದವರ ಸಿಟ್ಟು ಕಾಯಿಲೆಯ ಪಟ್ಟಿಯೊಳಗೆ ನುಸುಳಲು ಅಷ್ಟು ಸಾಕಾಯಿತು. 1974ರಲ್ಲಿ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ಹಾಲ್ಡಾಲ್ ಎಂಬ ಔಷಧಿಯ ಜಾಹೀರಾತು ಬಂದಿತ್ತು: ಮುಷ್ಟಿ ಬಿಗಿದು ನಿಂತ ಸಿಟ್ಟಿನ ಕಪ್ಪು ಮನುಷ್ಯ, ಅವನ ಹಿಂದೆ ಬೆಂಕಿಬಣ್ಣದ ನಗರ.

ಆದ್ದರಿಂದ ಅಲ್ಲಿನ ಕಪ್ಪು ಗಂಡಸು ತನ್ನ ಮನಸ್ಸಿನ ನೋವನ್ನು ವೈದ್ಯರ ಮುಂದೆ ಹೇಳಿಕೊಳ್ಳಲು ಹಿಂಜರಿದರೆ, ಅದನ್ನು ಬರಿಯ ಗಂಡಸ್ತನದ ಹಟ ಎನ್ನಲು ಬಾರದು. ಹಿಂದೆ ಅವನ ಹಿರಿಯರು ಹೇಳಿಕೊಂಡಾಗಲೂ, ಹೇಳಿಕೊಳ್ಳದಿದ್ದಾಗಲೂ ಏನಾಯಿತೆಂಬ ನೆನಪು ಅದರಲ್ಲಿದೆ.

ಇದಕ್ಕೆ ಪ್ರತಿಯಾದ ಕತೆಯೂ ಇದೆ. 1946ರಲ್ಲಿ ಹಾರ್ಲೆಮ್‌ನ ಸೇಂಟ್ ಫಿಲಿಪ್ಸ್ ಚರ್ಚಿನ ನೆಲಮಾಳಿಗೆಯಲ್ಲಿ ‘ಲಫಾರ್ಗ್ ಕ್ಲಿನಿಕ್’ ಎಂಬ ಮನೋವೈದ್ಯಕೀಯ ಚಿಕಿತ್ಸಾಲಯ ತೆರೆಯಿತು. ಫ್ರೆಡ್ರಿಕ್ ವರ್ತಮ್ ಎಂಬ ಮನೋವೈದ್ಯರೂ ಅವರ ಜೊತೆಗಾರರೂ ಸಂಬಳವಿಲ್ಲದೆ ಅಲ್ಲಿ ಕೆಲಸ ಮಾಡಿದರು. ಶುಲ್ಕ ಇಪ್ಪತ್ತೈದು ಸೆಂಟು. ಇಲ್ಲದವರಿಗೆ ಅದೂ ಇಲ್ಲ. ಆ ಚಿಕಿತ್ಸಾಲಯಕ್ಕಾಗಿ ಓಡಾಡಿದವರಲ್ಲಿ ಕಾದಂಬರಿಕಾರ ರಿಚರ್ಡ್ ರೈಟ್ ಮುಖ್ಯರು. 1958ರವರೆಗೆ ಅದು ನಡೆಯಿತು. ಇಲ್ಲಿಯವರೆಗೆ ನನಗೆ ಓದಿ ಗೊತ್ತಿತ್ತು. ಈ ಚರ್ಚೆಯ ನೆಪದಲ್ಲಿ ಹುಡುಕಿದಾಗ ತಿಳಿದದ್ದೇನೆಂದರೆ, ಷಿಕಾಗೊದ ಬಡ ಕಪ್ಪು ಯುವಕನೊಬ್ಬನ ಭಯವನ್ನೇ ಕೇಂದ್ರದಲ್ಲಿಟ್ಟುಕೊಂಡ ರೈಟ್ ಅವರ 1940ರ ಕಾದಂಬರಿಯನ್ನು 2019ರಲ್ಲಿ ಸಿನಿಮಾ ಮಾಡಿದ ನಿರ್ದೇಶಕರು ಇದೇ ರಶೀದ್ ಜಾನ್ಸನ್!

ಪದದ ವಿಚಾರ: ‘ಆತಂಕಿತ’ ಎಂಬುದು ಪುಸ್ತಕದ ಪದವಾಯಿತು. ನಮ್ಮಲ್ಲಿಗೆ ಬರುವ ಗಂಡಸರಲ್ಲಿ ‘ನನಗೆ ಆತಂಕವಿದೆ’ ಎಂದವರನ್ನು ನಾನು ಕಂಡಿಲ್ಲ. ‘ಎದಿ ಢವಢವ ಅಂತೈತ್ರಿ’, ‘ನಿದ್ದಿ ಹತ್ತವಲ್ದು’, ‘ಟೆನ್ಷನ್ ಆಗೈತಿ’ ಎನ್ನುತ್ತಾರೆ. ಎದೆಯ ಪರೀಕ್ಷೆ, ಹೊಟ್ಟೆಯ ಪರೀಕ್ಷೆಗಳನ್ನೆಲ್ಲ ಮುಗಿಸಿ, ರಿಪೋರ್ಟುಗಳ ಚೀಲ ಹಿಡಿದು, ಕೊನೆಗೆ ನಮ್ಮ ಬಾಗಿಲಿಗೆ ಬರುತ್ತಾರೆ. ‘ಕಳವಳ’ ಎಂದರೆ ದೇಹವೂ ಮನಸ್ಸೂ ಎರಡೂ ಬರುತ್ತವೆ. ‘ಕಳವಳದ ಗಂಡಸರು’ ಎಂದು ಮಾಡಬಹುದೇ ನೋಡಿ.

ತುಂಗಾತೀರ:

ಎಲ್ಲರೂ ತಿಳಿದವರು ಬರೆಯುತ್ತಿದ್ದೀರಿ. ನಾನು ಸಾಮಾನ್ಯ ಓದುಗ. ಎರಡು ಅನುಮಾನಗಳಿವೆ. ಒಂದು, ಚಿತ್ರದಲ್ಲಿರುವುದು ಕಪ್ಪು ಮನುಷ್ಯನೆಂದು ನೋಡುವವರಿಗೆ ಗೊತ್ತಾಗುವುದು ಹೇಗೆ? ಮುಖವಂತೂ ಯಾರದೂ ಆಗಬಹುದಾದ ಗೀಚು. ಎರಡು, ‘ಬ್ಲಾಕ್’ ಎಂಬುದಕ್ಕೆ ನೀವೆಲ್ಲ ‘ಕಪ್ಪು’ ಎಂದು ಬರೆಯುತ್ತಿದ್ದೀರಿ. ನಮ್ಮೂರಿನಲ್ಲಿ ‘ಕರಿಯ’ ಎಂಬುದು ಮುದ್ದಿನ ಹೆಸರೂ ಹೌದು, ಬೈಗುಳವೂ ಹೌದು, ಕರಿಯಮ್ಮ ಎಂದರೆ ಕೈಮುಗಿಯುವ ದೇವರೂ ಹೌದು. ಅಮೆರಿಕದವರ ಆ ಪದದ ಭಾರ ನಮ್ಮ ಪದಕ್ಕೆ ಬರುತ್ತದೆಯೇ?

ಹಡ್ಸನ್ ದಂಡೆ:

ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇನೆ, ಮೂಲತಃ ಹಾಸನದವನು. ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ 2025ರ ಏಪ್ರಿಲ್‌ನಿಂದ 2026ರ ಜನವರಿಯವರೆಗೆ ನಡೆದ ಜಾನ್ಸನ್ ಅವರ ದೊಡ್ಡ ಪ್ರದರ್ಶನವನ್ನು ಕಣ್ಣಾರೆ ಕಂಡವನಾದ್ದರಿಂದ ತುಂಗಾತೀರ ಅವರ ಮೊದಲ ಅನುಮಾನಕ್ಕೆ ಉತ್ತರಿಸಲು ಯತ್ನಿಸುತ್ತೇನೆ.

ಆ ಕಟ್ಟಡದ ಒಳಗೆ ಮಹಡಿಗಳಿಲ್ಲ. ಶಂಖದೊಳಗೆ ನಡೆದಂತೆ ಸುತ್ತಿ ಸುತ್ತಿ ಏರುವ ಒಂದೇ ಇಳಿಜಾರು ಹಾದಿ. ಸುಮಾರು ತೊಂಬತ್ತು ಕೃತಿಗಳಿದ್ದವು. ಆರಂಭದ ಛಾಯಾಚಿತ್ರಗಳಲ್ಲಿ ಒಂದರಲ್ಲಿ ಜಾನ್ಸನ್ ಅವರು ಫ್ರೆಡರಿಕ್ ಡಗ್ಲಾಸ್ ಅವರ ಹಾಗೆ ಬೈತಲೆ ತೆಗೆದುಕೊಂಡು ತಮ್ಮನ್ನೇ ಚಿತ್ರಿಸಿಕೊಂಡಿದ್ದಾರೆ. ಡಗ್ಲಾಸ್ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಮಹಾ ವಾಗ್ಮಿ. ಕಪ್ಪು ಜನರನ್ನು ವ್ಯಂಗ್ಯಚಿತ್ರದಂತೆ ಬಿಡಿಸುತ್ತಿದ್ದ ಕಾಲದಲ್ಲಿ ತಮ್ಮ ಘನತೆಯ ಮುಖವನ್ನು ಪದೇಪದೇ ಕ್ಯಾಮೆರಾದ ಮುಂದೆ ಇಟ್ಟವರು. ಅಲ್ಲಿ ಮುಖ ಸ್ಪಷ್ಟವಾಗಿದೆ, ನೆಟ್ಟಗಿದೆ, ನೋಡುವವರನ್ನು ತಿರುಗಿ ನೋಡುತ್ತದೆ. ಹಾದಿ ಏರುತ್ತಾ ಹೋದಂತೆ ಆ ಮುಖ ಸುರುಳಿಗಣ್ಣಿನ ಗೀಚಾಗುತ್ತದೆ. ಕೆಳಗಿನ ಮುಖವನ್ನು ನೋಡಿಕೊಂಡು ಬಂದವರಿಗೆ ಮೇಲಿನದು ಯಾರದೆಂದು ಹೇಳಬೇಕಾಗಿಲ್ಲ. ಆದರೆ ಮೇಲಿನದನ್ನಷ್ಟೇ ಕಂಡವರಿಗೆ ನೀವು ಹೇಳಿದ ಅನುಮಾನ ಬಂದೇ ಬರುತ್ತದೆ, ಅದು ತಪ್ಪೂ ಅಲ್ಲ.

‘ಆಂಕ್ಷಸ್ ಆಡಿಯನ್ಸ್’ ಮುಂದೆ ನಾನು ಬಹಳ ಹೊತ್ತು ನಿಂತೆ. ಮುಖಗಳ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಜಾಗ ಖಾಲಿ ಬಿಟ್ಟಿದ್ದಾರೆ. ಬರಿಯ ಬಿಳಿ ಟೈಲ್ಸ್, ಮುಖವಿಲ್ಲ. ಎದ್ದುಹೋದವರೋ, ಬರಲೇ ಇಲ್ಲದವರೋ. ಕಣ್ಣಳತೆಯವರು ಕೊಟ್ಟ ಹೆಸರುಗಳ ಪಟ್ಟಿ ಆಗ ನನ್ನ ತಲೆಯಲ್ಲಿರಲಿಲ್ಲ, ಇದ್ದಿದ್ದರೆ ನಿಂತಿರುವುದು ಇನ್ನೂ ಕಷ್ಟವಾಗುತ್ತಿತ್ತು. ಇನ್ನೊಂದು ಮಾತು: ಹೆಸರು ಪ್ರೇಕ್ಷಕರು ಎಂದಿದೆ. ಹಾಗಾದರೆ ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು? ಅಷ್ಟೊಂದು ಕಣ್ಣುಗಳ ಎದುರು ನಿಂತಾಗ ವೇದಿಕೆಯ ಮೇಲಿರುವವನು ನಾನೇ ಎನಿಸಿ ಇರುಸುಮುರುಸಾಯಿತು. ಅಂಗಡಿಯಲ್ಲಿ, ಲಿಫ್ಟಿನಲ್ಲಿ, ರಸ್ತೆಯಲ್ಲಿ ಸದಾ ಕಣ್ಣಿಡಲ್ಪಡುವವನ ಅನುಭವದ ಒಂದು ಚೂರು ಅದೇ ಇರಬಹುದು. ತನ್ನನ್ನು ಯಾವಾಗಲೂ ಇತರರ ಕಣ್ಣಿನ ಮೂಲಕವೇ ನೋಡಿಕೊಳ್ಳಬೇಕಾದ ಈ ಸ್ಥಿತಿಯನ್ನು ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರು 1903ರಲ್ಲಿಯೇ ‘ಇಬ್ಬಗೆಯ ಪ್ರಜ್ಞೆ’ ಎಂಬ ಅರ್ಥದ ಮಾತಿನಿಂದ ಗುರುತಿಸಿದ್ದರು.

ಕಟ್ಟಡದ ತುದಿಯಲ್ಲಿ ಕುಂಡಗಳಲ್ಲಿ ಹಸಿರು ಗಿಡಗಳು ತೂಗುತ್ತಿದ್ದವು. ಇಷ್ಟೆಲ್ಲ ಮುಖಗಳಾದ ಮೇಲೆ ಯಾರೋ ದಿನವೂ ನೀರುಣಿಸುತ್ತಿರುವ ಗಿಡಗಳನ್ನು ಕಂಡು ಮನಸ್ಸು ಹಗುರಾದದ್ದು ನಿಜ.

ಯಲ್ಲಾಪುರದವಳು:

ಹಲವು ದಿನಗಳಿಂದ ಓದುತ್ತಿದ್ದೆ, ಬರೆಯಲೋ ಬೇಡವೋ ಎಂದು. ನಾನು ಸಿದ್ದಿ ಸಮುದಾಯದವಳು. ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ತುಂಗಾತೀರ ಅವರ ಎರಡನೆಯ ಪ್ರಶ್ನೆ ನನ್ನನ್ನು ಕೂರಗೊಡಲಿಲ್ಲ. ಕರಿಯ ಎಂಬುದು ನಿಮ್ಮೂರಿನಲ್ಲಿ ಮುದ್ದಿನ ಹೆಸರಿರಬಹುದು ಸರ್. ಬಸ್ಸಿನಲ್ಲಿ ನಮ್ಮ ಹುಡುಗರನ್ನು ಕಂಡು ‘ಯಾವ ದೇಶದವರು’ ಎಂದು ಇಂಗ್ಲಿಷಿನಲ್ಲಿ ಕೇಳಿ, ಅವರು ಅಚ್ಚ ಕನ್ನಡದಲ್ಲಿ ಉತ್ತರಿಸಿದಾಗ ನಗುವವರ ಬಾಯಲ್ಲಿ ಆ ಪದ ಬೇರೆಯೇ ಆಗಿ ಕೇಳಿಸುತ್ತದೆ. ನಮ್ಮ ಹಿರಿಯರನ್ನು ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ತಂದರು. ಗೋವೆಯ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡ ಅನೇಕರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳಲ್ಲಿ ನಾವು ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಆಗಿ ಬದುಕುತ್ತಿದ್ದೇವೆ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಮೇಲೆ ರಾತ್ರಿಪಾಳಿಯವರು ಹೇಳಿದ, ಓಡಿಹೋಗುವುದನ್ನೇ ರೋಗವೆಂದ ವೈದ್ಯನ ಕತೆಯನ್ನು ಓದಿದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು. ಆ ರೋಗ ಇದ್ದುದರಿಂದಲ್ಲವೇ ನಾನು ಇಂದು ಇಲ್ಲಿರುವುದು.

ಹಾಗೆಂದು ಅಮೆರಿಕದ ಕಪ್ಪು ಜನರ ಬದುಕೂ ನಮ್ಮದೂ ಒಂದೇ ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಆಫ್ರಿಕಾ ಎಂಬುದು ದಿನದ ಮಾತಲ್ಲ. ಕಾಡಿನ ಹಕ್ಕು, ಜಮೀನಿನ ಪಟ್ಟಾ, ಮಕ್ಕಳ ಹಾಸ್ಟೆಲ್ಲು ದಿನದ ಮಾತು. ಆದರೆ ಒಂದು ಹೋಲಿಕೆಯನ್ನು ಬಿಡಲಾರೆ. 1980ರ ದಶಕದ ಕೊನೆಯಲ್ಲಿ ಸರ್ಕಾರದ ವಿಶೇಷ ಕ್ರೀಡಾ ಯೋಜನೆಯೊಂದು ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ, ಎಸೆತಕ್ಕೆ ತರಬೇತಿ ಕೊಟ್ಟಿತು. ಆಫ್ರಿಕಾದ ರಕ್ತವಿದ್ದ ಮೇಲೆ ಪದಕ ಬಂದೇ ಬರುತ್ತದೆಂಬ ಎಣಿಕೆ. ಕೆಲವರು ಪದಕಗಳನ್ನು ತಂದರು ಕೂಡ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಹುಡುಗರು ಊರಿಗೆ ಮರಳಿದರು. ಅವರ ತೋಳು ತೊಡೆಗಳನ್ನು ಅಳೆದವರಿದ್ದರು. ಮರಳಿ ಬಂದವರ ಮನಸ್ಸಿನಲ್ಲಿ ಏನಿತ್ತೆಂದು ಕೇಳಿದವರು ಯಾರು? ಕಪ್ಪು ಗಂಡಸು ಎಂದರೆ ಬರಿಯ ಬಲವಾದ ಮೈ ಎಂದು ಎಲ್ಲರೂ ನೋಡುವಾಗ, ಮೈಯನ್ನೇ ಬಿಟ್ಟು ಬರಿಯ ಮುಖವನ್ನು, ಅದೂ ಹೆದರಿದ ಮುಖವನ್ನು ಬಿಡಿಸಿದ ಈ ಕಲಾವಿದನ ಕೆಲಸ ನನಗೆ ಅರ್ಥವಾದದ್ದು ಹೀಗೆ. ಕತ್ತು ಭುಜಗಳಿಗೆ ಜಾಗವಿಲ್ಲ ಎಂದು ಕಣ್ಣಳತೆಯವರು ಮೊದಲಿಗೇ ಬರೆದಿದ್ದರಲ್ಲ.

ಕೊನೆಗೊಂದು ಸಂತೋಷದ ಸಂಗತಿ. ನಮ್ಮ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡು ಸೇರಿಸಿ ಹೊಲಿಯುವ ಕೌದಿ, ನಾವು ಕವಂದಿ ಎನ್ನುತ್ತೇವೆ, 2011ರಲ್ಲಿ ಹಾರ್ಲೆಮ್‌ನ ಷಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡಿತ್ತು. ನಾಲ್ಕು ಮೂಲೆಗಳಲ್ಲಿ ತ್ರಿಕೋನದ ತುಂಡಿನ ‘ಫೂಲ’ ಇಡದೆ ಕವಂದಿ ಮುಗಿಯುವುದಿಲ್ಲ. ಕಣ್ಣಳತೆಯವರೂ ರಾತ್ರಿಪಾಳಿಯವರೂ ಹಾರ್ಲೆಮ್ ಹೆಸರನ್ನು ಮತ್ತೆ ಮತ್ತೆ ಬರೆಯುತ್ತಿದ್ದಾಗ ನಮ್ಮ ಕವಂದಿಯೂ ಅಲ್ಲಿಗೆ ಹೋಗಿ ಬಂದಿದೆ ಎಂದು ಹೇಳಬೇಕೆನಿಸಿತು.

ತುಂಗಾತೀರ:

ಅಮ್ಮಾ, ನಾನು ಯೋಚಿಸದೆ ಬರೆದೆ. ಕ್ಷಮೆಯಿರಲಿ. ಮೊದಲ ಪ್ರಶ್ನೆಗೆ ಉತ್ತರ ಕೊಟ್ಟ ನ್ಯೂಜೆರ್ಸಿಯವರಿಗೂ ವಂದನೆಗಳು.

ಕಣ್ಣಳತೆ:

ಯಲ್ಲಾಪುರದವರ ಬರಹವನ್ನು ಮೂರು ಸಲ ಓದಿದೆ. ಗಂಡಸಿನ ಮನಸ್ಸಿನ ಆರೋಗ್ಯ ಎಂಬುದನ್ನು ನಾನು ‘ಗಂಡಸರು ಅಳಬಾರದೆಂಬ ಕಟ್ಟುಪಾಡು’ ಎಂಬಷ್ಟಕ್ಕೇ ಸೀಮಿತವಾಗಿ ಯೋಚಿಸುತ್ತಿದ್ದೆ. ಆ ಕಟ್ಟುಪಾಡು ಎಲ್ಲ ಕಡೆಯೂ ಇದೆ. 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರಲ್ಲಿ ನೂರಕ್ಕೆ ಸುಮಾರು ಎಪ್ಪತ್ತೆರಡು ಮಂದಿ ಗಂಡಸರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿ ಹೇಳುತ್ತದೆ. ಆದರೆ ಕಪ್ಪು ಗಂಡಸಿನ ಮೇಲೆ ಇನ್ನೊಂದು ಕಟ್ಟುಪಾಡೂ ಇದೆ. ಅವನು ಹೆದರಿದ್ದಾನೆ ಎಂದು ಒಪ್ಪುವ ಬದಲು ಜಗತ್ತು ಅವನನ್ನು ಹೆದರಿಸುವವನು ಎಂದೇ ನೋಡುತ್ತದೆ. ಹಾಲ್ಡಾಲ್ ಜಾಹೀರಾತಿನ ಮುಷ್ಟಿಗೂ ಜಾನ್ಸನ್ ಅವರ ಸುರುಳಿಗಣ್ಣಿಗೂ ನಡುವೆ ನಲವತ್ತೊಂದು ವರ್ಷಗಳಿವೆ. ಒಂದು ಅವನಿಂದ ನಮಗಿರುವ ಭಯದ ಚಿತ್ರ, ಇನ್ನೊಂದು ಅವನೊಳಗಿನ ಭಯದ ಚಿತ್ರ. ನಾನು ಮೊದಲ ಬರಹದಲ್ಲಿ ಕೇಳಿದ್ದಕ್ಕೆ ನನಗೆ ಸಿಕ್ಕಿದ ಉತ್ತರ ಇದೇ. ‘ಎಲ್ಲರ ಆತಂಕ’ ಎಂದು ಕರೆದರೆ ಈ ಎರಡು ಚಿತ್ರಗಳ ನಡುವಿನ ಜಗಳವೇ ಅಳಿಸಿಹೋಗುತ್ತದೆ.

ನೀಲಿಶಾಯಿಯವರ ಬಣ್ಣಗಳ ತಕರಾರಿಗೆ ಒಂದು ಮಾತು. ಕೆಂಪು ಬಂದದ್ದು 2020ರ ಲಾಕ್‌ಡೌನಿನಲ್ಲಿ, ಅವರು ಲಾಂಗ್ ಐಲೆಂಡಿನ ಮನೆಯಲ್ಲಿದ್ದಾಗ. ನೀಲಿಯನ್ನು ಅವರು ಕರೆದದ್ದು ‘ಬ್ರೂಸ್’ ಎಂದು. ಪೆಟ್ಟು ಬಿದ್ದ ಮೇಲೆ ಚರ್ಮ ಕಂದಿ ನೀಲಿಗಟ್ಟುತ್ತದಲ್ಲ, ಅದು. ಬಿಳಿಯದು ‘ಸರೆಂಡರ್’, ಸೋಲೊಪ್ಪಿಗೆಯೋ ಶರಣಾಗತಿಯೋ. ಮುಖ ಅದೇ ಇದ್ದರೂ ಉರಿಯಿಂದ ಕಂದುಗಾಯಕ್ಕೆ, ಕಂದುಗಾಯದಿಂದ ಬಿಡುಗಡೆಗೆ ಹೋಗುವ ಕಾಲ ಬಣ್ಣದಲ್ಲಿದೆ. ಬೆಲೆಯ ಬಗ್ಗೆ ನಿಮ್ಮ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.

ನೀಲಿಶಾಯಿ:

ಬಣ್ಣಗಳ ವಿಚಾರದಲ್ಲಿ ಅರ್ಧ ಒಪ್ಪಿದೆ. ಉಳಿದರ್ಧಕ್ಕೆ ‘ಬ್ರೋಕನ್ ಮೆನ್’ ಎಂಬ ಸರಣಿಯನ್ನು ಸೇರಿಸಬೇಕು. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೆಲಸ ಅದೇ. ಒಡೆದ ಟೈಲ್ಸ್, ಕನ್ನಡಿ ಚೂರು, ಸುಟ್ಟು ಮುದ್ರೆಯೊತ್ತಿದ ಓಕ್ ಹಲಗೆ, ಸಿಂಪಿ ಚಿಪ್ಪುಗಳನ್ನು ಜೋಡಿಸಿದ ಆಳೆತ್ತರದ ಗಂಡಸರು. ಕನ್ನಡಿ ಚೂರುಗಳಲ್ಲಿ ನೋಡುವವರ ಮುಖದ ತುಣುಕೂ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಭುಜವೂ ಇದೆ, ಕಾಲೂ ಇದೆ. ಯಲ್ಲಾಪುರದ ಮೇಡಂ ಗಮನಿಸಬೇಕು. ಆ ಸರಣಿಯ ‘ದ ಬ್ರೋಕನ್ ನೈನ್’ ಎಂಬ ಎರಡು ಬೃಹತ್ ಮೊಸಾಯಿಕ್‌ಗಳನ್ನು 2021ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೇರಾದಲ್ಲಿ ಇರಿಸಿದರು. ಕೊರೊನಾದಿಂದ ಮುಚ್ಚಿದ್ದ ಆ ರಂಗಮಂದಿರದ ಹೊಸ ಋತು ಆರಂಭವಾದದ್ದು ಅದರ 138 ವರ್ಷಗಳ ಇತಿಹಾಸದಲ್ಲಿ ಕಪ್ಪು ಸಂಗೀತಕಾರನೊಬ್ಬ ರಚಿಸಿದ ಮೊದಲ ಒಪೇರಾದಿಂದ. ಒಡೆದ ಚೂರುಗಳ ಗಂಡಸರು ಆ ಸಂಜೆ ನಿಂತೇ ಇದ್ದರು.

ನಮ್ಮವರಿಗೆ ಕುತೂಹಲವೆನಿಸಬಹುದಾದ ಇನ್ನೊಂದು: ಕೆಲಸದ ನಿಮಿತ್ತ ಜರ್ಮನಿಯಲ್ಲಿದ್ದಾಗ ಜಾನ್ಸನ್ ಯೋಗ ಕಲಿಯಲು ಹೋದರಂತೆ. ಗುರುಗಳು ಜರ್ಮನ್ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ, ಶಿಷ್ಯನಿಗೆ ಜರ್ಮನ್ ಬರುತ್ತಿರಲಿಲ್ಲ. ಅದರಿಂದ 2011ರಲ್ಲಿ ಹುಟ್ಟಿದ್ದು ‘ದ ನ್ಯೂ ಬ್ಲಾಕ್ ಯೋಗ’ ಎಂಬ ಕಿರುಚಿತ್ರ. ಸಮುದ್ರದ ದಡದಲ್ಲಿ ಐದು ಮಂದಿ ಕಪ್ಪು ಗಂಡಸರು ಯೋಗವೂ ಅಲ್ಲದ, ನೃತ್ಯವೂ ಅಲ್ಲದ, ಯುದ್ಧಕಲೆಯೂ ಅಲ್ಲದ ನಿಧಾನದ ಚಲನೆಗಳಲ್ಲಿ ತೊಡಗಿದ್ದಾರೆ. ಯಾರೂ ಓಡುತ್ತಿಲ್ಲ, ಯಾರೂ ಕೈ ಮೇಲೆತ್ತಿ ನಿಂತಿಲ್ಲ. ಭಂಗಿಗಳ ಶುದ್ಧತೆಯ ಬಗ್ಗೆ ನಮ್ಮ ಯೋಗಗುರುಗಳು ತಕರಾರು ತೆಗೆಯಬಹುದು.

ರಾತ್ರಿಪಾಳಿ:

ಒಂದು ಸಣ್ಣ ಪ್ರಶ್ನೆ, ಪ್ರದರ್ಶನ ನೋಡಿದವರಿಗೆ. ಆ ಸೋಪಿನ ವಾಸನೆ ಸಭಾಂಗಣದಲ್ಲಿ ಬರುತ್ತದೆಯೇ? ಯಾಕೆ ಕೇಳಿದೆನೆಂದರೆ, ಕಳವಳದಿಂದ ಬಂದವರನ್ನು ಕೂರಿಸಿಕೊಂಡು ‘ಈಗ ನಿಮ್ಮ ಮೂಗಿಗೆ ಯಾವ ವಾಸನೆ ಬರುತ್ತಿದೆ, ಹೇಳಿ’ ಎಂದು ಕೇಳುವ ಒಂದು ರೂಢಿ ನಮ್ಮಲ್ಲಿದೆ. ಅದು ಮನಸ್ಸನ್ನು ಇದ್ದ ಜಾಗಕ್ಕೆ ಮರಳಿ ತರುತ್ತದೆ. ಅಂದಹಾಗೆ, ಇದನ್ನು ಓದುತ್ತಿರುವ ಯಾರಿಗಾದರೂ ತಮ್ಮದೇ ಕಳವಳವನ್ನು ಹೇಳಿಕೊಳ್ಳಬೇಕೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ.

ಹಡ್ಸನ್ ದಂಡೆ:

ನಾನು ನಿಂತಿದ್ದ ದೂರಕ್ಕೆ ವಾಸನೆ ಬರಲಿಲ್ಲ, ಹತ್ತಿರ ಹೋಗಲು ಕಾವಲಿನವರು ಬಿಡಲಿಲ್ಲ. ಆದರೆ ಅಂದು ಸಂಜೆ ಹಾರ್ಲೆಮ್‌ನ 125ನೆಯ ಬೀದಿಯಲ್ಲಿ ಫುಟ್‌ಪಾತಿನ ಮೇಜಿನ ಮೇಲೆ ಶಿಯಾ ಬೆಣ್ಣೆಯ ಡಬ್ಬಿಗಳ ಪಕ್ಕದಲ್ಲಿ ಕಪ್ಪು ಸೋಪಿನ ತುಂಡುಗಳನ್ನು ಮಾರುತ್ತಿದ್ದುದನ್ನು ಕಂಡು ಒಂದನ್ನು ಕೊಂಡೆ. ಕೈಯಲ್ಲಿ ಹಿಡಿದರೆ ಉಂಡೆ ಬೆಲ್ಲದ ಹಾಗೆ ಮೆತ್ತಗೆ, ಕಂದು ಬಣ್ಣ. ವಾಸನೆ ಒಲೆಯ ಬೂದಿಯದು, ಸ್ವಲ್ಪ ಎಣ್ಣೆಯದು. ಮಾರುತ್ತಿದ್ದ ಹಿರಿಯರು, ನೀರು ತಗಲುವ ಕಡೆ ಇಟ್ಟರೆ ಕರಗಿಹೋಗುತ್ತದೆ, ಒಣಗಿದ ಡಬ್ಬಿಯಲ್ಲಿಡು ಎಂದು ಎರಡು ಸಲ ಹೇಳಿದರು. ನಾನು ಮರೆತು ಬಚ್ಚಲಲ್ಲೇ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಬಿಳಿ ಟೈಲ್ಸ್ ಮೇಲೆ ಕಂದು ಕಲೆ ಹರಡಿತ್ತು. ಒರೆಸುವ ಮೊದಲು ಬೆರಳಿನಿಂದ ಎರಡು ಸುರುಳಿ ಎಳೆದು ನೋಡಿದೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.